ಕೆಂಪು ಹಲ್ಲಿನೊಳಗಿನ ತಂತಿ

ಥಾಯ್ ಬಿನ್
೨೨ ಜುಲೈ ೨೦೦೭

ಪ್ರೀತಿಯ ಸೆನ್ ಅಕ್ಕನಿಗೆ,

ನಿಮ್ಮ ತಂಗಿ ಮಿಯೆನ್ ಮಾಡುವ ನಮಸ್ಕಾರಗಳು. ಹೊಸ ವರ್ಷಕ್ಕೆ ನೀವು ಕಳಿಸಿದ ಕಾಫಿಪುಡಿ ಯಾವತ್ತೋ ಮುಗಿಯಿತು. ಆ ಡಬ್ಬಿಯಲ್ಲಿ ಈಗ ಅಮ್ಮ ಅಡಿಕೆ ತುಂಬಿಟ್ಟುಕೊಂಡಿದ್ದಾಳೆ. ತಲುಪಿತು ಅಂತ ಒಂದು ಸಾಲು ಬರೆಯಲೂ ನನಗೆ ಕೈ ಬರಲಿಲ್ಲ. ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಬೈದು ಮುಗಿಸಿದ ಮೇಲೆ ಈ ಕಾಗದವನ್ನು ಕೊನೆಯವರೆಗೆ ಓದಿ. ಇದರಲ್ಲಿ ಒಂದು ಪ್ರಶ್ನೆಯಿದೆ, ಅದಕ್ಕೆ ಉತ್ತರ ಗೊತ್ತಿರುವವರು ಈ ಭೂಮಿಯ ಮೇಲೆ ನೀವೊಬ್ಬರೇ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಮಾಡಿದೆ. ಭಾವ ಎತ್ತಿಕೊಂಡು, ನಿಮ್ಮ ಗುಡ್ಡದ ಕಡೆ ಕಾಳುಮೆಣಸಿನ ಬಳ್ಳಿಗೆ ಬಂದ ರೋಗದ ಕಥೆ ಶುರು ಮಾಡಿದರು. ನಾನು ಹೂಂ ಹೂಂ ಅಂತ ಅಷ್ಟನ್ನೂ ಕೇಳಿ ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ನೀವು ಎತ್ತಲಿಲ್ಲವಲ್ಲ ಅಂತ ಸಮಾಧಾನವೇ ಆಯಿತು. ಫೋನಿನಲ್ಲಿ ಕೇಳಿದರೆ ನೀವು ತಟ್ಟನೆ ಏನೋ ಒಂದು ಹೇಳಿಬಿಡುತ್ತೀರಿ. ನನಗೆ ಆ ತಟ್ಟನೆಯ ಉತ್ತರ ಬೇಡ.

ಇಲ್ಲಿ ಎಲ್ಲರೂ ಇದ್ದೇವೆ. ಸೆಕೆ ಹೇಳತೀರದು. ಕರೆಂಟು ಮನಸ್ಸು ಬಂದಾಗ ಬರುತ್ತದೆ, ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿ ತೆಗೆಸಿಟ್ಟ ಹೊತ್ತಿಗೇ ಸರಿಯಾಗಿ ಹೋಗುತ್ತದೆ. ತಮ್ಮ ಖಾಂಗ್ ಹಳ್ಳಿಯಲ್ಲಿ ಬಾತುಕೋಳಿ ಸಾಕಿಕೊಂಡು ಆರಾಮಾಗಿದ್ದಾನೆ, ಬಾತುಕೋಳಿಗಳ ಹಾಗೆಯೇ ನಡೆಯುವುದನ್ನೂ ಕಲಿತಿದ್ದಾನೆ. ಅಮ್ಮ ಎಂದಿನಂತೆ ಅವನ ಜತೆ ಹಳ್ಳಿಯಲ್ಲೇ ಇರುವುದು. ಈ ಮಳೆಗಾಲಕ್ಕೆ ಮಾತ್ರ ನನ್ನ ಬಳಿ ಪೇಟೆಗೆ ಬಂದಿದ್ದಳು, ಹಲ್ಲಿಗಾಗಿ.

ವಿಷಯ ಆ ಹಲ್ಲಿನದೇ.

ಯಾವ ಹಲ್ಲು ಅಂತ ನಿಮಗೆ ಹೇಳಬೇಕಾಗಿಲ್ಲ. ಎಡಗಡೆ, ಕೆಳಗಿನ ದವಡೆ ಹಲ್ಲು. ಎಪ್ಪತ್ತೊಂದರಲ್ಲಿ, ಲುವಾನ್ ಅಣ್ಣ ದಕ್ಷಿಣದ ಯುದ್ಧಕ್ಕೆ ಹೊರಡುವ ಮುಂಚಿನ ವಾರ, ಅವನು ಅಮ್ಮನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬಂದಿದ್ದನಲ್ಲ. ಅವನಿಗೂ ಎಡಗಡೆಯ ಅದೇ ಹಲ್ಲು ನೋಯುತ್ತಿತ್ತು. ನೋವಿತ್ತೋ, ನಿಮ್ಮನ್ನು ನೋಡಲು ನೆಪ ಬೇಕಿತ್ತೋ, ಅದನ್ನು ನೀವೇ ಹೇಳಬೇಕು. ಆರೋಗ್ಯ ಕೇಂದ್ರದಲ್ಲಿ ಆಗ ನೀವೊಬ್ಬರೇ ನರ್ಸು, ಹೆರಿಗೆಗೂ ಹಲ್ಲಿಗೂ. ಒಂದೇ ಬೆಂಚಿನ ಮೇಲೆ ಅಮ್ಮನನ್ನು ಮೊದಲು, ಅಣ್ಣನನ್ನು ಆಮೇಲೆ ಕೂರಿಸಿ, ಇಬ್ಬರ ಹಲ್ಲಿನ ಬೇರಿಗೂ ಸೋವಿಯತ್ ಪೆಟ್ಟಿಗೆಯ ಆ ಔಷಧ ಸುರಿದು ಮುಚ್ಚಿದಿರಿ. ಕಲಸುವಾಗ ಬೆಲ್ಲದ ಪಾಕ, ಮಾರನೇ ದಿನಕ್ಕೆ ಇಟ್ಟಿಗೆ. ಹಲ್ಲನ್ನೂ ಇಟ್ಟಿಗೆ ಬಣ್ಣಕ್ಕೆ ತಿರುಗಿಸಿಬಿಡುವ ಔಷಧ. ಅಮ್ಮನದು ಮೇಲೆ ಹಳೆಯ ಕಾಲದ ಅರಗು ಬಳಿದ ಕರಿ ಹಲ್ಲು, ಹಾಗಾಗಿ ಕೆಂಪು ಹೊರಗೆ ಕಾಣುತ್ತಿರಲಿಲ್ಲ. ಅಣ್ಣನದು ಕಾಣುತ್ತಿತ್ತು. ಹೊರಡುವ ದಿನ ಅವನು ಬೇಕೆಂದೇ ಬಾಯಿ ಅಗಲಿಸಿ ನಕ್ಕಿದ್ದು ನನಗೆ ಇನ್ನೂ ನೆನಪಿದೆ.

ಹೋದ ಚೈತ್ರದಿಂದ ಅಮ್ಮನ ಕೆನ್ನೆ ಊದಲು ಶುರುವಾಯಿತು. ಅವಳು ಯಾರಿಗೂ ಹೇಳಲಿಲ್ಲ. ಗಂಜಿ ಕುಡಿದುಕೊಂಡು, ಎಲೆ ಅಡಿಕೆಯನ್ನು ಬಲಗಡೆಗೆ ತಳ್ಳಿಕೊಂಡು ಕಾಲ ಹಾಕಿದ್ದಾಳೆ. ಜ್ವರ ಬಂದು ಮಲಗಿದ ಮೇಲೆ ಖಾಂಗ್ ಹೆದರಿ ಬೈಕಿನಲ್ಲಿ ಕರೆತಂದ. ಒಸಡಿನ ಕೆಳಗೆ ಕೀವು. ಎಂಬತ್ತೆರಡರ ಮುದುಕಿಗೆ ಅದು ಗಂಟಲಿಗೆ ಇಳಿದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಕಿತ್ತುಬಿಡೋಣ ಅಂದೆ. ನನ್ನನ್ನೇ ಕೀಳಲು ಹೊರಟವಳ ಹಾಗೆ ನೋಡಿದಳು.

“ಮುಟ್ಟಿದ್ರೆ ನೋಡು. ಇದು ಅವನ ಹಲ್ಲಿನ ಜೋಡಿ. ಎರಡೂ ಒಟ್ಟಿಗೆ ಮಣ್ಣಿಗೆ ಹೋಗ್ಬೇಕು ಅಂತ ನಾನು ಮಾತು ಕೊಟ್ಟಿದ್ದೀನಿ.”

“ಯಾರಿಗೆ ಕೊಟ್ಟಿದ್ದೀಯಮ್ಮ ಮಾತು?”

“ನಿನಗ್ಯಾಕೆ? ನೀನು ಡಾಕ್ಟ್ರು. ಡಾಕ್ಟ್ರ ಹಾಗಿರು.”

ಜೋಡಿ ಅಂದರೆ ಯಾವುದು ಅಂತ ನಿಮಗೆ ಗೊತ್ತಿದೆ. ಖಾಂಗ್ ಯುದ್ಧ ನಡೆದ ಕ್ವಾಂಗ್ ಚೀ ಕಡೆ ವರ್ಷಗಟ್ಟಲೆ ಅಲೆದು, ತೊಂಬತ್ತಾರರಲ್ಲಿ ಕಟ್ಟಿಗೆ ಕಡಿಯುವವನೊಬ್ಬ ತೋರಿಸಿದ ಹಳ್ಳದ ದಡದಲ್ಲಿ ಅಗೆಸಿ, ಮೂಳೆಗಳನ್ನು ಬೆನ್ನುಚೀಲದಲ್ಲಿ ತಂದನಲ್ಲ. ಹೆಸರಿನ ಚೀಟಿ ಇರಲಿಲ್ಲ, ಗುರುತಿನ ಬಿಲ್ಲೆ ಇರಲಿಲ್ಲ. ದವಡೆಯಲ್ಲಿ ಎಡಗಡೆ ಒಂದು ಕೆಂಪು ಹಲ್ಲು ಇತ್ತು. ಅಷ್ಟು ಸಾಕಾಯಿತು. ರೈಲಿನಲ್ಲಿ ಅಣ್ಣನ ಹೆಸರಿಗೂ ಒಂದು ಟಿಕೆಟ್ ತೆಗೆದು, ಚೀಲವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದ. ಆತ್ಮ ದಾರಿ ತಪ್ಪಬಾರದಲ್ಲ, ಒಂದೊಂದು ಸೇತುವೆ ಬಂದಾಗಲೂ ಎದ್ದು ನಿಂತು “ಲುವಾನ್ ಅಣ್ಣ, ಸೇತುವೆ ದಾಟ್ತಿದ್ದೀವಿ, ನನ್ ಹಿಂದೇನೇ ಬಾ” ಅಂತ ಕೂಗುತ್ತ ಬಂದನಂತೆ. ಊರಿಗೆ ಬಂದಾಗ ಅವನಿಗೆ ಸ್ವರವೇ ಹೊರಡುತ್ತಿರಲಿಲ್ಲ.

ನೀವೂ ಗುಡ್ಡದಿಂದ ಇಳಿದು ಬಂದಿರಿ. ಅಂಗಳದಲ್ಲಿ ಚಾಪೆ ಹಾಕಿ ಮೂಳೆಗಳನ್ನು ಸುವಾಸನೆಯ ನೀರಿನಲ್ಲಿ ತೊಳೆಯುತ್ತಿದ್ದೆವು. ಆ ಹಲ್ಲು ಸಡಿಲವಾಗಿ ಅಮ್ಮನ ಕೈಗೇ ಬಂತು. ಅಮ್ಮ ಅದನ್ನು ನಿಮ್ಮ ಅಂಗೈಯಲ್ಲಿಟ್ಟಳು. ನೀವು ಬೆಳಕಿಗೆ ಹಿಡಿದು ನೋಡಿದಿರಿ. ಬಹಳ ಹೊತ್ತು ನೋಡಿದಿರಿ, ಅಕ್ಕ. ಊರೆಲ್ಲ ಸುತ್ತ ನಿಂತಿತ್ತು. ಆಮೇಲೆ “ಹೌದು” ಅಂದಿರಿ. ಅಷ್ಟೇ ಅಂದಿದ್ದು. ಅಮ್ಮ ಆಗ ಅತ್ತಳು. ಅಣ್ಣನ ಸಾವಿನ ಓಲೆ ಬಂದ ದಿನವೂ ಅಳದೆ ಇದ್ದವಳು ಆ ದಿನ ಅತ್ತಳು.

ಒಂದು ಹಲ್ಲು ಕಡಿಮೆಯಿಟ್ಟು ಮಣ್ಣಿನ ಪೆಟ್ಟಿಗೆ ಮುಚ್ಚಬಾರದು ಅಂತ ಊರ ಹಿರಿಯರು ಗಲಾಟೆ ಮಾಡಿದರೂ ಅಮ್ಮ ಬಗ್ಗಲಿಲ್ಲ. ಹಲ್ಲನ್ನು ಚಹಾದ ತಗಡಿನ ಡಬ್ಬಿಯಲ್ಲಿ ಹಾಕಿ ಹಿರಿಯರ ಪೀಠದ ಮೇಲೆ ಅಣ್ಣನ ಫೋಟೋದ ಮುಂದೆ ಇಟ್ಟಳು. ಹನ್ನೊಂದು ವರ್ಷದಿಂದ ಅದು ಅಲ್ಲೇ ಇದೆ.

ಹಾಗಾಗಿ ಕೀಳುವ ಮಾತು ಬಿಟ್ಟು, ಬೇರಿನೊಳಗಿನ ಹಳೆಯದನ್ನೆಲ್ಲ ತೆಗೆದು, ಶುದ್ಧ ಮಾಡಿ, ಮತ್ತೆ ತುಂಬುತ್ತೇನೆ, ಹಲ್ಲು ಹಾಗೇ ಉಳಿಯುತ್ತದೆ ಎಂದು ಒಪ್ಪಿಸಿದೆ. ಒಪ್ಪಿಸುವುದಕ್ಕೆ ವಾರ ಹಿಡಿಯಿತು.

ಈಗಿನವರು ತುಂಬುವ ರಬ್ಬರಿನಂಥ ವಸ್ತುವಾದರೆ ನೀಲಗಿರಿ ಎಣ್ಣೆಯ ಹನಿ ಬಿಟ್ಟರೆ ಮೆತ್ತಗಾಗುತ್ತದೆ, ಸಣ್ಣ ಅರದಲ್ಲಿ ತಿರುವಿ ಎಳೆದರೆ ಬರುತ್ತದೆ. ನಿಮ್ಮ ಕೆಂಪಿಗೆ ಯಾವ ಎಣ್ಣೆಯೂ ನಾಟುವುದಿಲ್ಲ. ನಡುಗುವ ಸೂಜಿಯ ತುದಿಯಿಂದ ಕೆರೆದು, ಧೂಳು ತೊಳೆದು, ಎಕ್ಸ್‌ರೇ ತೆಗೆದು, ಮತ್ತೆ ಕೆರೆಯಬೇಕು. ಸ್ವಲ್ಪ ಓರೆಯಾದರೆ ಬೇರಿನ ಗೋಡೆಯೇ ತೂತು. ನಿಮ್ಮ ಕಾಲದವರನ್ನು ನಾನು ಎಷ್ಟು ಶಪಿಸಿದ್ದೇನೋ ಲೆಕ್ಕವಿಲ್ಲ. ಈ ಜಿಲ್ಲೆಯಲ್ಲಿ ಐವತ್ತು ದಾಟಿದ ಯಾರ ಬಾಯಿ ತೆಗೆಸಿದರೂ ಒಂದಾದರೂ ಕೆಂಪು ಹಲ್ಲು ಸಿಗುತ್ತದೆ. ಅಂಚೆಯವನಿಗಿದೆ, ಮೀನು ಮಾರುವವಳಿಗಿದೆ, ನಮ್ಮ ಪಗೋಡದ ಭಿಕ್ಷುವಿಗೂ ಇದೆ. ಅದೇ ಪೆಟ್ಟಿಗೆ ಉತ್ತರದ ಊರೂರಿಗೂ ಹೋಗಿತ್ತಲ್ಲ. ಇದನ್ನು ಇಷ್ಟು ವರ್ಷ ದಿನಾ ಕೈಯಾರೆ ಕೆರೆಯುತ್ತಿದ್ದರೂ ನನಗೆ ಆ ಕಡೆ ಯೋಚನೆ ಹೋಗಿರಲಿಲ್ಲ ನೋಡಿ. ನಮ್ಮ ಮನೆಯ ಡಬ್ಬಿಯಲ್ಲಿರುವುದು ನಮ್ಮ ಮನೆಯದು ಎಂದೇ ನಂಬಿದ್ದೆ.

ಮೊದಲ ದಿನದ ಎಕ್ಸ್‌ರೇಯಲ್ಲಿ ಹಿಂಬದಿಯ ಬೇರಿನಲ್ಲಿ ಒಂದು ಬಿಳಿ ಗೀರು ಕಂಡಿತು. ಮುರಿದ ಸೂಜಿ ಅಂದುಕೊಂಡೆ. ಅಮ್ಮನಿಗೆ ಫಿಲ್ಮ್ ತೋರಿಸಿ ಛೇಡಿಸಿದೆ.

“ನೋಡಮ್ಮ, ಸೆನ್ ಕೈ ಹಗುರ, ಸೆನ್ ಕೈ ಹೂವು ಅಂತ ಹೊಗಳ್ತಿರ್ತೀಯಲ್ಲ. ಸೂಜಿ ಮುರಿದು ಒಳಗೇ ಬಿಟ್ಟಿದ್ದಾಳೆ ನಿನ್ನ ಸೊಸೆ.”

ನಿಮ್ಮನ್ನು ಅವಳು ಈಗಲೂ ಆಗಬೇಕಿದ್ದ ಸೊಸೆ ಎಂದೇ ಕರೆಯುವುದು. ಭಾವನಿಗೆ ಹೇಳಬೇಡಿ. ಅವಳು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಳು.

“ಇದ್ರಲ್ಲಿ ನಂದು ಯಾವ್ದೇ?”

“ನಡುವಿನದು. ಅಕ್ಕಪಕ್ಕದವು ನಿನ್ನ ಬೇರೆ ಹಲ್ಲು.”

“ಓ. ಹಂಗಾದ್ರೆ ನಡುವೆ ನಾನು. ಈ ಕಡೆ ಖಾಂಗು, ಆ ಕಡೆ ನೀನು. ಇಬ್ರೂ ಸೇರಿ ನನ್ನ ಒತ್ತರಿಸ್ಕೊಂಡು ಕೂತಿದ್ದೀರಿ, ಮನೇಲಿ ಇದ್ದಂಗೇ.”

ಅಂದು ನಕ್ಕಳು. ಆ ನಗು ನನಗೆ ಆಗ ಬರೀ ನಗುವಾಗಿತ್ತು.

ಕೆಲಸ ಶುರು ಮಾಡಿದೆ. ಬಾಯಿಗೆ ರಬ್ಬರ್ ಹಾಳೆ ಕಟ್ಟಿದರೆ “ಹೆಣಕ್ಕೆ ಹೊದಿಸ್ದಂಗೆ ಹೊದಿಸ್ತಾಳೆ” ಎಂದು ರೇಗಾಡಿದಳು. ಸೂಜಿ ನಡುಗಿದರೆ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ನಡುನಡುವೆ ಹಾಳೆ ಬಿಚ್ಚಿದಾಗ, “ಬಾಯೊಳಗೆ ಬಾವಿ ತೋಡ್ತಿದ್ದೀಯೇನೇ? ನೀರು ಬಂತಾ?” ಎಂದು ಕೇಳುವಳು. ಕರಿ ಹಲ್ಲಿನ ಒಳಗಿನಿಂದ ಕೆಂಪು ಪುಡಿ ಬರುತ್ತಿತ್ತು. ಅದನ್ನು ತೊಳೆದು ಹೀರಿಬಿಡಲು ಅವಳು ಬಿಡಲಿಲ್ಲ. ಹತ್ತಿಯ ಮೇಲೆ ತೆಗೆದು, ಸಣ್ಣ ಬಟ್ಟಲಿನಲ್ಲಿ ಕೂಡಿಡಬೇಕು ಅಂತ ಹಟ. ಅವನನ್ನು ಮುಟ್ಟಿದ ಕೈಯೇ ಇದನ್ನೂ ತುಂಬಿದ್ದು, ಚೆಲ್ಲಬೇಡ ಎಂದಳು. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ, ರೋಗಿಯ ಹಲ್ಲಿನ ಕಸ ಕೂಡಿಟ್ಟಿದ್ದು ಇದೇ ಮೊದಲು.

ಮೂರನೇ ಸಲ ಕೂತಾಗ ಆ ಬಿಳಿ ಗೀರಿನ ತುದಿ ಕಣ್ಣಿಗೆ ಬಿತ್ತು. ಸುತ್ತಲ ಕೆಂಪನ್ನು ಸೂಜಿಯಿಂದ ಬಿಡಿಸುತ್ತ ಹೋದೆ. ಅದು ಮುರಿದ ಸೂಜಿಯಲ್ಲ, ಅಕ್ಕ. ಕೂದಲಿಗಿಂತ ತುಸು ದಪ್ಪದ ತಂತಿ, ಮೇಲಿನ ತುದಿಯನ್ನು ಕೊಕ್ಕೆಯ ಹಾಗೆ ಬಾಗಿಸಿತ್ತು. ಚಿಮುಟದಲ್ಲಿ ಕೊಕ್ಕೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ಎಳೆದೆ. ಇಡಿಯಾಗಿ ಬಂತು. ಅದರ ಬೆನ್ನಿಗೇ ಕೀವೂ ಬಂತು. ಅಮ್ಮನ ಮುಖದ ಬಿಗಿ ಸಡಿಲವಾದದ್ದು ಕಾಣಿಸಿತು. ತಿಂಗಳುಗಟ್ಟಲೆ ಹೊತ್ತಿದ್ದ ನೋವು ಒಂದು ಗಳಿಗೆಯಲ್ಲಿ ಇಳಿಯಿತು. ನನಗೆ ಖುಷಿಯಾಗಿ ಆ ತಂತಿಯನ್ನು ಅವಳ ಅಂಗೈಗೆ ಹಾಕಿದೆ.

ಅವಳು ಅದನ್ನು ನೋಡಿದ ರೀತಿ ನೀವು ನೋಡಬೇಕಿತ್ತು.

“ಅಯ್ಯೋ, ಇದು ಲುವಾನ್ ತಂದ ತಂತಿ ಕಣೇ! ಟೆಲಿಫೋನ್ ತಂತಿ. ಸೈನ್ಯದಲ್ಲಿ ತಂತಿ ಎಳಿಯೋ ಕೆಲಸ ಕಲಿತಿದ್ನಲ್ಲ. ಒಂದು ಸುರುಳಿ ತಂದು ಆ ಹುಡುಗಿಗೆ ಕೊಟ್ಟ. ಬಳೆ ಮಾಡ್ಕೋ ಅಂತ ತಮಾಷೆ. ಅವಳು ಬಿಚ್ಚಿ, ಒಳಗಿನ ಎಳೆ ತೆಗ್ದು, ದೀಪಕ್ಕೆ ಹಿಡಿದು ಕಾಯ್ಸಿ ಹಲ್ಲಿಗೆ ಇಳಿಸಿದ್ಲು. ‘ದಾರೀಲಿ ಮತ್ತೆ ನೋವು ಬಂದ್ರೆ ಯಾರಾದ್ರೂ ಡಾಕ್ಟ್ರು ಈ ಕೊಕ್ಕೆ ಹಿಡಿದು ಎಳೀಲಿ, ಎಲ್ಲಾ ಬಂದ್ಬಿಡುತ್ತೆ’ ಅಂದ್ಲು.”

“ದಾರೀಲಿ ಅಂದ್ಲಾ? ನೀನು ಯಾವ ದಾರಿಗೆ ಹೊರಟಿದ್ದೆಯಮ್ಮ? ಅದನ್ನ ಅಣ್ಣನಿಗೆ ಅಲ್ವಾ ಹೇಳಿದ್ದು?”

“ಅವನಿಗೇ ಹೇಳಿದ್ದು. ನಾನೂ ಪಕ್ಕದಲ್ಲೇ ಕೂತಿದ್ನಲ್ಲ.” ಆಮೇಲೆ ಅವಳ ಮುಖ ಹೂವಿನ ಹಾಗೆ ಅರಳಿತು. “ಹಂಗಾದ್ರೆ ಡಬ್ಬೀಲಿರೋ ಹಲ್ಲಲ್ಲೂ ಇದು ಇರ್ಬೇಕಲ್ವೇನೇ? ನಿನ್ನ ಫೋಟೋ ಮಿಷನ್ನಿಗೆ ಹಿಡಿದ್ರೆ ಕಾಣ್ಸುತ್ತಾ?”

ಕಾಣಿಸುತ್ತದೆ ಅಂದೆ. ಬಾಯಿ ತಪ್ಪಿ ಅಂದೆ. ಮಾರನೆಯ ಭಾನುವಾರ ಅವಳು ಖಾಂಗ್‌ನ ಬೈಕು ಹತ್ತಿ ಹಳ್ಳಿಗೆ ಹೋಗಿ, ಅಣ್ಣನ ಫೋಟೋಗೆ ಊದುಬತ್ತಿ ಹಚ್ಚಿ ಅಪ್ಪಣೆ ಕೇಳಿ, ಆ ಚಹಾದ ಡಬ್ಬಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಹಬ್ಬಕ್ಕೆ ಹೊರಟವಳ ಹಾಗೆ ರೇಷ್ಮೆಯ ರವಿಕೆ ಹಾಕಿಕೊಂಡಿದ್ದಳು. ಮಗನ ಹಲ್ಲಿನೊಳಗೆ ಮಗನೇ ತಂದ ತಂತಿ ನೋಡಬೇಕು ಅನ್ನುವುದೊಂದೇ ಅವಳಿಗೆ. ಬೇರೆ ಯಾವ ಅನುಮಾನವೂ ಇರಲಿಲ್ಲ, ಅವಳಿಗೂ ಇಲ್ಲ, ನನಗೂ ಇಲ್ಲ.

ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ ತೆಗೆದೆ. ಫಿಲ್ಮ್ ತೊಳೆದು ದೀಪಕ್ಕೆ ಹಿಡಿದೆ.

ತಂತಿ ಇಲ್ಲ.

ಹಲ್ಲನ್ನು ಹೊರಳಿಸಿ ಇನ್ನೊಂದು ತೆಗೆದೆ. ಇಲ್ಲ. ಬೇರೆ ಬದಿಯಿಂದ ತೆಗೆದೆ. ಎರಡು ಬೇರು, ಎರಡರಲ್ಲೂ ಮಸುಕಾದ ಔಷಧ, ಅರ್ಧಕ್ಕೆ ನಿಂತಿದೆ. ಬಿಳಿ ಗೀರು ಎಲ್ಲೂ ಇಲ್ಲ. ಅಂಚೆಯವನ ಕೆಂಪು ಹಲ್ಲು, ಮೀನಿನವಳ ಕೆಂಪು ಹಲ್ಲು ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಕ್ವಾಂಗ್ ಚೀಯ ಆ ಹಳ್ಳದ ದಡದಲ್ಲಿ ಕೆಂಪು ಹಲ್ಲಿನ ಹುಡುಗರು ಎಷ್ಟು ಜನ ಬಿದ್ದಿರಬಹುದು? ಉತ್ತರದಿಂದ ಹೋದವರಲ್ಲಿ ಎಷ್ಟೋ ಜನ ಹೊರಡುವ ಮುಂಚೆ ಹಲ್ಲು ಸರಿಮಾಡಿಸಿಕೊಂಡೇ ಹೋಗಿದ್ದರು.

“ಏನೇ, ಒಳಗೇ ನಿದ್ದೆ ಹೋದ್ಯಾ?” ಎಂದು ಹೊರಗಿನಿಂದ ಅಮ್ಮ ಕೂಗಿದಳು.

ನಾನು ಏನು ಮಾಡಿದೆ ಗೊತ್ತೇ? ಮೊದಲ ದಿನ ತೆಗೆದ ಅಮ್ಮನದೇ ಹಲ್ಲಿನ ಫಿಲ್ಮ್ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು ಹೋಗಿ ಅವಳ ಕೈಯಲ್ಲಿಟ್ಟೆ. “ನೋಡಮ್ಮ, ಇದೆ” ಅಂದೆ. ಅವಳು ಕಿಟಕಿಗೆ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. “ಹಾಂ, ಇದೆ” ಅಂದಳು. ಫಿಲ್ಮನ್ನು ನನಗೆ ವಾಪಸು ಕೊಟ್ಟು, ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಆಮೇಲೆ ಬಾಯಾರಿಕೆ ಅಂದಳು. ಚಹಾ ಮಾಡಿಕೊಟ್ಟೆ.

ಅವಳ ಹಲ್ಲಿನ ಕೆಲಸ ಮೊನ್ನೆ ಮುಗಿಸಿದೆ. ಬೇರು ಶುದ್ಧವಾಗಿ ಒಣಗಿತ್ತು, ಹೊಸದನ್ನು ತುಂಬಿ ಮುಚ್ಚಿದೆ. ಊತವಿಲ್ಲ, ನೋವಿಲ್ಲ. ಅನ್ನ ತಿನ್ನುತ್ತಾಳೆ. ಕೆಂಪು ಪುಡಿಯ ಬಟ್ಟಲನ್ನೂ ತಂತಿಯನ್ನೂ ಕಾಗದದಲ್ಲಿ ಸುತ್ತಿ ಹಳ್ಳಿಗೆ ತೆಗೆದುಕೊಂಡು ಹೋದಳು. ರೋಗಿ ಗುಣವಾದಳು ಎಂದು ನಾನು ನೆಮ್ಮದಿಯಿಂದಿರಬೇಕು. ನನಗೆ ನಿದ್ದೆಯಿಲ್ಲ. ಯಾರ ಬಾಯಿ ನೋಡಿದರೂ ಆ ಬೇರು ನೆನಪಾಗುತ್ತದೆ. ನಿನ್ನೆ ಒಬ್ಬರಿಗೆ ನೋವಿರುವ ಹಲ್ಲು ಬಿಟ್ಟು ಪಕ್ಕದ ಹಲ್ಲಿಗೆ ಮರವಿನ ಸೂಜಿ ಚುಚ್ಚಲು ಹೋಗಿದ್ದೆ.

ಈಗ ಪ್ರಶ್ನೆ. ಸೆನ್ ಅಕ್ಕ, ಆ ದಿನ ಲುವಾನ್ ಅಣ್ಣನ ಹಲ್ಲಿಗೂ ನೀವು ತಂತಿ ಹಾಕಿದ್ದಿರಾ? ಅವನ ಬೇರು ಬಾಗಿದ್ದು, ತಂತಿ ಇಳಿಯದೆ ಬರೀ ಔಷಧ ಸುರಿದಿರಬಹುದು. ಅಮ್ಮನಿಗೆ ಹಾಕಿ, ಅವನಿಗೆ ಹಾಕುವಷ್ಟರಲ್ಲಿ ವಿಮಾನದ ಸೈರನ್ ಆಗಿ ಬೇಗ ಮುಚ್ಚಿರಬಹುದು. ಅವನು ನಿಮ್ಮನ್ನು ನಗಿಸಿ ನಗಿಸಿ ಕೈ ನಡುಗಿಸಿರಬಹುದು. ಹೀಗೆ ಏನಾದರೂ ಆಗಿದ್ದರೆ ಹೇಳಿ, ನಾನು ಕಣ್ಣು ಮುಚ್ಚಿ ನಂಬುತ್ತೇನೆ. ಹಾಕಿದ್ದೇ ನಿಜವಾದರೆ, ನಮ್ಮ ಗದ್ದೆಯ ಬದಿಯ ಸಮಾಧಿಯಲ್ಲಿ ಹನ್ನೊಂದು ವರ್ಷದಿಂದ ಮಲಗಿರುವವನು ಅಣ್ಣನಲ್ಲ.

ಇನ್ನೊಂದು ಮಾತನ್ನೂ ಕೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಅವತ್ತು ಅಂಗಳದಲ್ಲಿ ಅಷ್ಟು ಹೊತ್ತು ಬೆಳಕಿಗೆ ಹಿಡಿದು ನೋಡಿದಿರಲ್ಲ, ನೀವು ಕೊಕ್ಕೆ ಹುಡುಕುತ್ತಿದ್ದಿರಾ? ಅದು ಕಾಣದೆ ಇದ್ದರೂ, ಅಮ್ಮನ ಮುಖ ನೋಡಿ, ಸ್ವರ ಹೋದ ಖಾಂಗ್‌ನ ಮುಖ ನೋಡಿ “ಹೌದು” ಅಂದಿರಾ? ಅಂದಿದ್ದರೆ ನಾನು ದೂರುವುದಿಲ್ಲ. ನಾನೂ ಆ ಬೆಂಚಿನ ಮುಂದೆ ನಿಂತು ಅದನ್ನೇ ಮಾಡಿದವಳು. ಆದರೆ ಇದನ್ನು ನಾನೊಬ್ಬಳೇ ಹೊರಲಾರೆ. ನೀವೂ ಇಷ್ಟು ವರ್ಷ ಒಬ್ಬರೇ ಹೊತ್ತಿದ್ದರೆ, ಅಯ್ಯೋ ಅಕ್ಕ, ಹೇಗೆ ಹೊತ್ತಿರಿ?

ಒಂದು ಉಪಕಾರ ಮಾಡಿ. ಎರಡು ಕಾಗದ ಬರೆಯಿರಿ. ಒಂದು ನನಗೆ, ಕ್ಲಿನಿಕ್ಕಿನ ವಿಳಾಸಕ್ಕೆ, ಇದ್ದದ್ದು ಇದ್ದ ಹಾಗೆ. ಇನ್ನೊಂದು ಅಮ್ಮನಿಗೆ, ಹಳ್ಳಿಗೆ. ಅದರಲ್ಲಿ ಹಳೆಯ ಮಾತು ನೆನೆಯುವವರ ಹಾಗೆ, “ಲುವಾನ್ ತಂದ ತಂತಿಯನ್ನು ನಿಮ್ಮಿಬ್ಬರ ಹಲ್ಲಿಗೂ ಹಾಕಿದ್ದು ನೆನಪಿದೆ” ಎಂದು ಒಂದು ಸಾಲು ಸೇರಿಸಿ. ನಾನು ತೋರಿಸಿದ ಫಿಲ್ಮಿಗೆ ಅದು ಹೊಂದುತ್ತದೆ. ಅಮ್ಮ ಕ್ರಾಂತಿಯ ಕಾಲದ ಅಕ್ಷರ ತರಗತಿಯಲ್ಲಿ ಓದು ಕಲಿತವಳು, ನಿಧಾನಕ್ಕೆ ತಾನೇ ಓದಿಕೊಳ್ಳುತ್ತಾಳೆ, ನಾಲ್ಕು ಸಲ ಓದುತ್ತಾಳೆ. ಆ ನಾಲ್ಕು ಸಲವೂ ಅವಳಿಗೆ ಸಂತೋಷವಾಗಲಿ. ಎಂಬತ್ತೆರಡು ವರ್ಷ ಅವಳಿಗೆ. ಇನ್ನೆಷ್ಟು ದಿನ ಅವಳಿಗೆ ಮಗನ ಸಮಾಧಿ ಬೇಕಾದೀತು?

ಖಾಂಗ್‌ಗೆ ನಾನು ಏನೂ ಹೇಳಿಲ್ಲ. ಅವನು ಇವತ್ತಿಗೂ ಸೇತುವೆ ದಾಟುವಾಗ ತುಟಿ ಅಲ್ಲಾಡಿಸುತ್ತಾನೆ.

ಈ ವಾರ ಅಣ್ಣನ ತಿಥಿ. ಹಳ್ಳಿಗೆ ಹೋಗಬೇಕು, ಅಡುಗೆಗೆ ಕೈ ಹಾಕಬೇಕು. ಅಲ್ಲಿಂದ ಬಂದು ಕಾಗದ ಅಂಚೆಗೆ ಹಾಕುತ್ತೇನೆ. ನಿಮ್ಮ ಕಾಲುನೋವಿಗೆ ಶುಂಠಿ ಹುರಿದು ಕಟ್ಟಿಕೊಳ್ಳಿ, ಭಾವನ ಮೆಣಸಿನ ಬಳ್ಳಿ ಚಿಗುರಲಿ. ಮಕ್ಕಳಿಗೆ ಅಮ್ಮನ ಆಶೀರ್ವಾದ. ನಿಮಗಂತೂ ಅವಳ ಆಶೀರ್ವಾದ ಮೂರು ಹೊತ್ತೂ ಇದ್ದೇ ಇರುತ್ತದೆ, ಅದರಲ್ಲಿ ನನ್ನ ಪಾಲನ್ನೂ ಕೊಟ್ಟುಬಿಟ್ಟಿದ್ದಾಳೆ.

ನಿಮ್ಮ ಉತ್ತರಕ್ಕೆ ಹೆದರುತ್ತ, ಅದನ್ನೇ ಕಾಯುತ್ತಿರುವ,
ನಿಮ್ಮ ತಂಗಿ
ಮಿಯೆನ್

ಮತ್ತೆ, ೨೮ ಜುಲೈ

ಅಕ್ಕ, ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿನ್ನೆ ತಿಥಿ ಆಯಿತು. ಅಡುಗೆಯೆಲ್ಲ ಆದ ಮೇಲೆ ಅಮ್ಮ ತಾನೇ ಎಡೆ ಬಡಿಸಿದಳು. ಅಣ್ಣನ ಫೋಟೋ ಮುಂದೆ ಎರಡು ಬಟ್ಟಲು ಅನ್ನ. ಎರಡರ ಮೇಲೂ ಬೇಯಿಸಿದ ಮೊಟ್ಟೆ, ಎರಡು ಜೊತೆ ಊಟದ ಕಡ್ಡಿ. ವಯಸ್ಸಾಯಿತು, ಮರೆತು ಎರಡು ಸಲ ಇಟ್ಟಿದ್ದಾಳೆ ಎಂದುಕೊಂಡು ಖಾಂಗ್ ಒಂದನ್ನು ಎತ್ತಲು ಹೋದ. ಅವನ ಕೈಗೆ ಪಟ್ಟನೆ ಹೊಡೆದಳು.

“ಮುಟ್ಬೇಡ. ಅದು ನಮ್ಮವನಿಗೆ. ಇದು ನಮ್ಮ ಗದ್ದೆ ಪಕ್ಕ ಮಲಗಿರೋ ಹುಡುಗನಿಗೆ.”

ಖಾಂಗ್ ನನ್ನ ಮುಖ ನೋಡಿದ. ನಾನು ಅಡುಗೆಮನೆಗೆ ಓಡಿದೆ. ಅಮ್ಮ ಹಿಂದೆಯೇ ಬಂದಳು. ನನ್ನ ಬೆನ್ನ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಅಂದಳು:

“ಡಬ್ಬೀಲಿರೋದು ಒಂಟಿ ಹಲ್ಲು ಕಣೇ ಮಿಯೆನ್. ನೀನು ತಂದು ತೋರಿಸ್ದೆಯಲ್ಲ, ಅದ್ರಲ್ಲಿ ಆ ಕಡೆ ಈ ಕಡೆ ನೀವಿಬ್ರೂ ಕೂತಿದ್ರಿ.”

ಅವಳು ಬೈಯಲಿಲ್ಲ. ಒಲೆಯ ಬೂದಿ ಕೆದಕುತ್ತ ಕೂತಳು.

“ಪಾಪದ ಹುಡುಗ. ಸೇತುವೆ ಸೇತುವೇಲೂ ಖಾಂಗು ಬೇರೆಯವನ ಹೆಸರು ಹಿಡಿದು ಕೂಗ್ತಿದ್ರೂ ಹಿಂದೇನೇ ಬಂದ. ಯಾರೋ ಮನೆಗೆ ಕರೀತಿದ್ದಾರಲ್ಲ ಅಂತ ಬಂದಿರ್ಬೇಕು. ಬಂದವನಿಗೆ ಅನ್ನ ಇಡೋದನ್ನ ನಾನು ನಿಲ್ಸಲ್ಲ. ಆದ್ರೆ ನಮ್ಮವನು ಅಲ್ಲೇ ಉಳ್ಕೊಂಡ್ನಲ್ಲೇ. ಹನ್ನೊಂದು ವರ್ಷ ಅವನ ಹೆಸರು ಹೇಳಿ ಬೇರೆಯವನಿಗೆ ಉಣ್ಸಿದ್ದೀನಿ. ನನ್ನ ಮಗ ಹಸ್ಕೊಂಡೇ ಇದ್ದಾನೆ.”

ಅಣ್ಣನ ತಂತಿಯನ್ನು ಅವಳು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡಿದ್ದಳು. ಆ ಗಂಟನ್ನು ತೋರಿಸಿ, “ಆ ಹುಡುಗಿಗೆ ಬರಿ. ಅವಳು ಹೌದು ಅಂದದ್ದು ನನ್ನ ಮುಖ ನೋಡಿ. ನಂಗೆ ಅವತ್ತೇ ಅನ್ಸಿತ್ತು. ಅವಳ ಮೇಲೆ ನಂಗೆ ಸಿಟ್ಟಿಲ್ಲ ಅಂತ ಬರಿ” ಅಂದಳು.

ಬರೆದಿದ್ದೇನೆ. ಮೇಲೆ ಕೇಳಿದ ಆ ಎರಡನೆಯ ಕಾಗದ ಬೇಡ, ಅಕ್ಕ. ಒಂದೇ ಬರೆಯಿರಿ, ನಿಜವಾದದ್ದನ್ನು. ಕ್ಲಿನಿಕ್ಕಿಗೆ ಬೇಡ, ಹಳ್ಳಿಯ ಮನೆಗೆ, ಅಮ್ಮನ ಹೆಸರಿಗೇ ಹಾಕಿ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.